ಸೋಮವಾರ ಬೆಳಿಗ್ಗೆ ಅಮೆರಿಕನ್ ಫುಟ್‌ಬಾಲ್ ತೋರಿಸೋ ಆ್ಯಪ್: ಐದಕ್ಕೆ ಮೂರು ಸ್ಟಾರ್

ಡಲ್ಲಾಸ್‌ನಲ್ಲಿರೋ ಮಗಳು ದಸರಾಕ್ಕೆ ದಾವಣಗೆರೆಗೆ ಬಂದಾಗ ನಮ್ಮ ಟಿವಿಗೆ ಈ ಆ್ಯಪ್ ಹಾಕಿ, ಸೀಸನ್ನಿನ ದುಡ್ಡೂ ಕಟ್ಟಿ ಹೋದಳು. "ಅಪ್ಪಾಜಿ, ಇದೂ ಕುಸ್ತೀನೇ. ಚೆಂಡೊಂದು ಜಾಸ್ತಿ ಅಷ್ಟೆ" ಅಂದಳು. ನಾನು ಹರೆಯದಲ್ಲಿ ಹನ್ನೆರಡು ವರ್ಷ ಗರಡಿ ಮಣ್ಣಿನಲ್ಲಿ ಬಿದ್ದು ಎದ್ದವನು. ಎಡಗಿವಿ ಇವತ್ತಿಗೂ ಒಣ ಅಂಜೂರದ ಥರ ಮುದುಡಿ ಕೂತಿದೆ.

ಚಿತ್ರ ಚೆನ್ನಾಗಿ ಬರುತ್ತೆ, ನಿಲ್ಲೋದು ಕಡಿಮೆ. ಅಲ್ಲಿನ ಭಾನುವಾರ ರಾತ್ರಿ ಪಂದ್ಯ ನಮಗೆ ಸೋಮವಾರ ಬೆಳಿಗ್ಗೆ 5:50ಕ್ಕೆ ಶುರು. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 6:50ಕ್ಕೆ. ಮೂರು ತಾಸಿನ ಪಂದ್ಯದಲ್ಲಿ ಬಹುಪಾಲು ಬರೀ ನಿಂತು ಮಾತಾಡೋದು. ಅದನ್ನೆಲ್ಲ ಕತ್ತರಿಸಿ ಮುಕ್ಕಾಲು ಗಂಟೆಯೊಳಗೆ ಮುಗಿಸೋ ಆವೃತ್ತಿ ಇದೆ. ಎರಡು ಸ್ಟಾರ್ ಅದಕ್ಕೇ. ದೂರು ಏನೆಂದರೆ, ಫೌಲ್ ಆದಾಗ ರೆಫ್ರಿ ಎಸೆಯೋ ಹಳದಿ ಬಾವುಟ ಬಿದ್ದದ್ದು ಯಾಕೆ ಅನ್ನೋದನ್ನೂ ಅದರ ಜೊತೆಗೇ ಕತ್ತರಿಸಿಬಿಟ್ಟಿದ್ದಾರೆ.

ಆ ಬಾವುಟದಿಂದಲೇ ಮನೇಲಿ ಜಗಳ. ಗರಡಿ ಗೆಳೆಯನೊಬ್ಬ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ನೋಡೋಕೆ ಬರ್ತಾನೆ. 2024ರಿಂದ ಪಂದ್ಯದಲ್ಲೂ ಹೆಲ್ಮೆಟ್ ಮೇಲೆ ಇನ್ನೊಂದು ಮೆತ್ತನೆ ಟೊಪ್ಪಿಗೆ ಹಾಕ್ಕೋಬಹುದು. ಅದನ್ನು ನೋಡಿ, "ತಲೆದಿಂಬು ಕಟ್ಕಂಡು ಬಂದಾನೆ ನೋಡಲೇ! ಮುಟ್ಟಿದ್ರೆ ಫೌಲು. ಇದೇನ್ ಗಂಡಸರ ಆಟನಾ?" ಅಂತಾನೆ.

ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಗೆದ್ದವನು ಅವನು, ಸುಮ್ಮನೆ ತಳ್ಳಿಹಾಕೋಕಾಗಲ್ಲ. ಒಂದು ವಿಷಯದಲ್ಲಂತೂ ನಾನೂ ಅವನ ಕಡೆ. ಕ್ವಾರ್ಟರ್‌ಬ್ಯಾಕನ್ನು, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು, ಕೆಡವಿದವನು ತನ್ನ ಪೂರ್ತಿ ಭಾರ ಅವನ ಮೇಲೆ ಹಾಕಬಾರದು ಅಂತ 2018ರಿಂದ ಬಿಗಿ ಮಾಡಿದ್ದಾರೆ, ದಂಡ 15 ಗಜ. ನೂರಿಪ್ಪತ್ತು ಕೆಜಿ ಆಳು ಗಾಳಿಯಲ್ಲಿದ್ದಾಗ ಪಕ್ಕಕ್ಕೆ ಹೊರಳು ಅಂದರೆ ಹೇಗೆ ಹೊರಳ್ತಾನೆ?

ಆದರೆ 2024ರಲ್ಲಿ ನಿಷೇಧಿಸಿದ ಆ ಸೊಂಟದ ಪಟ್ಟು ಬೇರೆ ಮಾತು. ಓಡುವವನ ಸೊಂಟ ಹಿಡಿದು, ಮೈ ತಿರುಗಿಸಿ, ತನ್ನ ಅಂಡಿನ ಭಾರವನ್ನೆಲ್ಲ ಅವನ ಕಾಲ ಮೇಲೆ ಬಿಡೋದು. ಪಾದ ನೆಲಕ್ಕೆ ಸಿಕ್ಕಿಕೊಳ್ಳುತ್ತೆ, ಮೊಣಕಾಲು ಒಂದು ಕಡೆ, ಹಿಮ್ಮಡಿ ಒಂದು ಕಡೆ. ನಾನು ನಿಧಾನಗತಿಯಲ್ಲಿ ಮೂರು ಸಲ ಹಾಕಿ ತೋರಿಸಿದೆ. ಗೆಳೆಯ ಮಿರ್ಚಿ ಕೆಳಗಿಟ್ಟ.

ಮೆತ್ತಗಾಯ್ತು ಅನ್ನೋನಿಗೆ ನಾನು ಕೇಳಿದ್ದು ಇಷ್ಟೆ: ಮಟ್ಟಿಯ ಕೆಮ್ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡ್ತಿದ್ದೆವಲ್ಲ, ಅದು ಯಾತಕ್ಕೆ? ಎತ್ತಿ ಒಗೆದವನ ಬೆನ್ನು ಮುರೀಬಾರದು ಅಂತ ತಾನೆ? ಅಮೆರಿಕದವರು ಎದ್ದು ನಿಂತು ಚಪ್ಪಾಳೆ ಹೊಡೆಯೋ, ಚೆಂಡನ್ನು ಮುಂದಕ್ಕೆ ಎಸೆಯೋ ಉದ್ದನೆಯ ಪಾಸ್ ಕೂಡ, 1905ರಲ್ಲಿ ಕಾಲೇಜು ಹುಡುಗರು ಮೈದಾನದಲ್ಲೇ ಸತ್ತ ಮೇಲೆ, 1906ರಲ್ಲಿ ನಿಯಮಕ್ಕೆ ಸೇರಿದ್ದು.

ಮಗಳು ಫೋನಿನಲ್ಲಿ 2022ರ ಎರಡು ತುಣುಕು ತೋರಿಸಿದ್ದಳು. ಆಗ ಮಯಾಮಿ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಟುವಾ ಟಾಗೋವೈಲೋವಾ ಸೆಪ್ಟೆಂಬರ್ 25ರಂದು ತಲೆ ನೆಲಕ್ಕೆ ಬಡಿದು, ಎದ್ದು, ತಟ್ಟಾಡಿದ. ಬೆನ್ನುನೋವು ಅಂದರು, ಅದೇ ಪಂದ್ಯಕ್ಕೆ ಮತ್ತೆ ಇಳಿಸಿದರು. ನಾಲ್ಕು ದಿನ ಬಿಟ್ಟು ಸಿನ್ಸಿನಾಟಿಯಲ್ಲಿ ಬಿದ್ದಾಗ ಅವನ ಬೆರಳುಗಳು ಸೆಟೆದು ಮುಖದ ಮುಂದೆ ಹಾಗೇ ನಿಂತುಬಿಟ್ಟವು. ಮುಂದಿನ ತಿಂಗಳೇ ನಿಯಮ ಬಂತು: ಪೆಟ್ಟು ಬಿದ್ದು ತೂರಾಡಿದವನು ಆ ದಿನ ವಾಪಸ್ ಇಳಿಯಂಗಿಲ್ಲ.

ನಮ್ಮ ಗರಡಿಯಲ್ಲೂ ಒಬ್ಬ ಹುಡುಗ ಹಾಗೇ ತಲೆಕೆಳಗಾಗಿ ಬಿದ್ದಿದ್ದ. ಮುಖಕ್ಕೆ ನೀರು ಎರಚಿ ಎಬ್ಬಿಸಿದೆವು. ಎದ್ದವನು ಎದುರಾಳಿ ಕಡೆ ಹೋಗದೆ ಗೋಡೆಗೆ ಕೈ ಕೊಟ್ಟ. ಎಲ್ಲರೂ ನಕ್ಕೆವು, ಗೆಳೆಯನೂ ನಾನೂ ಸೇರಿ. ಆಮೇಲೆ ಮತ್ತೊಂದು ಪಟ್ಟಿಗೆ ನಿಲ್ಲಿಸಿದೆವು.

ಬಾವುಟ ಬಿದ್ದದ್ದರ ಕಾರಣವನ್ನು ಎರಡು ಸಾಲಿನಲ್ಲಿ ಪರದೆ ಮೇಲೆ ಹಾಕಿ, ನಾಲ್ಕನೇ ಸ್ಟಾರ್ ಕೊಡ್ತೀನಿ.