ಒಂದು ತೊಲದ ಗುಂಡು: ಹಳೆ ಡೆಲ್ಟಾ, ಹೊಸ ಡೆಲ್ಟಾ, ಗ್ಲಾಕ್ 20

ಮೂರು ಪಿಸ್ತೂಲುಗಳನ್ನು ಮೂರು ಭಾನುವಾರ ಹೊಡೆದು ನೋಡಿದ್ದೇನೆ. ಒಂದು 1980ರ ದಶಕದ ಕೋಲ್ಟ್ ಡೆಲ್ಟಾ ಎಲೀಟ್, ಪಕ್ಕದ ಮನೆಯ ಅಜ್ಜನದು. ಇನ್ನೊಂದು ಅದೇ ಹೆಸರಿನಲ್ಲಿ ಕೋಲ್ಟ್ ಈಗ ಮಾಡುತ್ತಿರುವ ಹೊಸ ಡೆಲ್ಟಾ. ಮೂರನೆಯದು ಗ್ಲಾಕ್ 20. ಮೂರೂ ತಿನ್ನುವುದು 10 ಎಂ.ಎಂ. ತೋಟಾವನ್ನೇ, ಅಂದರೆ ಗುಂಡಿನ ಅಡ್ಡಗಲ ಹತ್ತು ಮಿಲಿಮೀಟರು. ಹೊಸ ಡೆಲ್ಟಾ ಕೊಳ್ಳಬೇಕೋ, ಗ್ಲಾಕ್ ಸಾಕೋ ಎಂದು ಆರು ತಿಂಗಳಿಂದ ತಲೆ ತಿನ್ನುತ್ತಿತ್ತು. ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು ನೋಡಿದರೆ ಇದು ಬಗೆಹರಿಯುವ ವಿಷಯವಲ್ಲ.

ನಾನು ಹುಟ್ಟಿದ್ದು ಸಕಲೇಶಪುರದ ಕಡೆ. ಕಾಫಿ ತೋಟದ ಮನೆ. ಕೋವಿ ಅಂದರೆ ಅಪ್ಪನ ಜೋಡಿನಳಿಗೆ. ಚುನಾವಣೆ ಬಂದಾಗೆಲ್ಲ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಕೊಟ್ಟು ಚೀಟಿ ತರುತ್ತಿದ್ದರು. ಪಿಸ್ತೂಲು ಎಂಬುದನ್ನು ಪೊಲೀಸರ ಸೊಂಟದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಅರಿಜೋನಾಕ್ಕೆ ಬಂದು, ಗ್ರೀನ್ ಕಾರ್ಡ್ ಕೈಗೆ ಬಂದಮೇಲೆಯೇ ಒಂದನ್ನು ಮುಟ್ಟಿದ್ದು. ಗ್ರೀನ್ ಕಾರ್ಡ್ ಮಾತು ಸುಮ್ಮನೆ ಎತ್ತಲಿಲ್ಲ. ಎಚ್-1ಬಿ ವೀಸಾದಲ್ಲಿ ಇರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಅದರೊಳಗೇ ಬರುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ. ನನ್ನ ಜೊತೆ ಬಂದ ಹಾಸನದ ಗೆಳೆಯ ಮೊದಲು ಆ ಪರವಾನಗಿ ಮಾಡಿಸಿಕೊಂಡೇ ಬೆಂಚಿನ ಮುಂದೆ ಕೂತಿದ್ದು. "ಮಾರಾಯಾ, ಒಂದು ಇಲಿ ಹೊಡೆದವನಲ್ಲ ನಾನು, ಬೇಟೆಗಾರ ಆಗಿಬಿಟ್ಟೆ" ಅಂತ ದಾರಿಯುದ್ದಕ್ಕೂ ನಗುತ್ತಿದ್ದ.

ಹೊಡೆದದ್ದು ಫೀನಿಕ್ಸ್‌ನ ಉತ್ತರಕ್ಕಿರುವ ಬೆನ್ ಏವರಿ ರೇಂಜಿನಲ್ಲಿ. ರಾಜ್ಯದ ವನ್ಯಜೀವಿ ಇಲಾಖೆಯೇ ನಡೆಸುವ ಬಯಲು ಜಾಗ. ಸುತ್ತ ಕಳ್ಳಿಗಿಡ, ಹಿಂದೆ ಬೋಳುಗುಡ್ಡ. ಅಲ್ಲಿಂದ ಇನ್ನೂ ಉತ್ತರಕ್ಕೆ ಹೋದರೆ ಪಾಲ್ಡನ್ ಎಂಬ ಊರಿನ ಹತ್ತಿರ ಗನ್‌ಸೈಟ್ ಇದೆ. ಜೆಫ್ ಕೂಪರ್ 1976ರಲ್ಲಿ ಕಟ್ಟಿದ ಪಿಸ್ತೂಲು ಶಾಲೆ ಅದು. 10 ಎಂ.ಎಂ. ಕತೆಯಲ್ಲಿ ಕೂಪರ್ ದೊಡ್ಡ ಹೆಸರು. .45 ಇಂಚು ದಪ್ಪದ ಹಳೆ ಪಿಸ್ತೂಲು ಗುಂಡಿನಷ್ಟು ಹತ್ತಿರಕ್ಕೆ ಭಾರವಾಗಿಯೂ, ಅದಕ್ಕಿಂತ ದೂರಕ್ಕೆ ನೆಟ್ಟಗೂ ಹೋಗುವ ಗುಂಡು ಬೇಕು ಎಂದು ಹಟ ಹಿಡಿದವರು ಅವರು. ಕ್ಯಾಲಿಫೋರ್ನಿಯಾದ ಡಾರ್ನಾಸ್ ಮತ್ತು ಡಿಕ್ಸನ್ ಎಂಬಿಬ್ಬರು ಚೆಕ್ ದೇಶದ ಸಿ.ಝಡ್. 75ರ ಅಚ್ಚಿನಲ್ಲಿ ಬ್ರೆನ್ ಟೆನ್ ಎಂಬ ಪಿಸ್ತೂಲು ಮಾಡಿದರು. ಸ್ವೀಡನ್‌ನ ನಾರ್ಮಾ ಕಂಪನಿ ತೋಟಾ ಮಾಡಿತು. ಗುಂಡಿನ ತೂಕ 200 ಗ್ರೇನ್ (ಸುಮಾರು 13 ಗ್ರಾಂ), ವೇಗ ಸೆಕೆಂಡಿಗೆ 1,200 ಅಡಿ. ಆದರೆ ತೋಟಾ ತುಂಬುವ ಮ್ಯಾಗಜೀನ್ ಸಿಗದೆ ಎಷ್ಟೋ ಗಿರಾಕಿಗಳಿಗೆ ಬರೀ ಪಿಸ್ತೂಲು ಹೋಯಿತು. ಮದುವೆಗೆ ಹೆಣ್ಣು ಬಂದು ತಾಳಿ ಬಾರದ ಹಾಗೆ! 1986ಕ್ಕೆ ಕಂಪನಿ ಮುಚ್ಚಿತು. ಮರುವರ್ಷ ಕೋಲ್ಟ್ 1911 ಎಂಬ ತನ್ನ ಹಳೆಯ ಮಾದರಿಯ ಪಿಸ್ತೂಲನ್ನೇ 10 ಎಂ.ಎಂ.ಗೆ ಹೊಂದಿಸಿ ಡೆಲ್ಟಾ ಎಲೀಟ್ ಎಂದು ಬಿಡದಿದ್ದರೆ ತೋಟಾವೂ ಜೊತೆಗೇ ಮಣ್ಣಾಗುತ್ತಿತ್ತು.

ಈಗ ಹೋಲಿಕೆಗೆ ಬರುವ ಮೊದಲು ಒಂದು ಮಾತು. 10 ಎಂ.ಎಂ. ಪಿಸ್ತೂಲುಗಳ ಬಗ್ಗೆ ಹೇಳುವವರು ಯಾವ ತೋಟಾ ಹಾಕಿ ಹೊಡೆದೆವು ಅಂತ ಹೇಳದಿದ್ದರೆ ಅವರ ಮಾತನ್ನು ಅಲ್ಲಿಗೇ ಬಿಡಿ. ಪೆಟ್ಟಿಗೆಯ ಮೇಲೆ ಎಲ್ಲದಕ್ಕೂ 10 ಎಂ.ಎಂ. ಎಂದೇ ಇರುತ್ತದೆ. ಒಳಗಿನ ಮದ್ದು ಮಾತ್ರ ಒಂದೇ ಅಲ್ಲ. ಇದಕ್ಕೂ ಹಿನ್ನೆಲೆ ಇದೆ. 1986ರ ಮಯಾಮಿ ಗುಂಡಿನ ಕಾಳಗದ ನಂತರ ಅಮೆರಿಕದ ಕೇಂದ್ರ ತನಿಖಾ ದಳ ಎಫ್.ಬಿ.ಐ. ದೊಡ್ಡ ಗುಂಡು ಹುಡುಕುತ್ತ 10 ಎಂ.ಎಂ.ಗೆ ಬಂತು. ಪೂರ್ತಿ ಮದ್ದಿನ ಒದೆತ ಹೆಚ್ಚಾಯಿತೆಂದು ಮದ್ದು ಇಳಿಸಿತು. ಇಳಿಸಿದಮೇಲೆ ಮದ್ದು ತುಂಬುವ ಹಿತ್ತಾಳೆ ಕೇಸು ಅಷ್ಟುದ್ದ ಯಾಕೆ ಎಂದು ಸ್ಮಿತ್ ಅಂಡ್ ವೆಸ್ಸನ್ 1990ರಲ್ಲಿ ಅದನ್ನು ಕತ್ತರಿಸಿ .40 ಎಂಬ ಗಿಡ್ಡ ತೋಟಾ ತಂದಿತು. ಪೊಲೀಸರೆಲ್ಲ ಅದರ ಹಿಂದೆ ಹೋದರು, 10 ಎಂ.ಎಂ. ಮೂಲೆಗೆ ಸರಿಯಿತು. ಡೆಲ್ಟಾವನ್ನು ಕೋಲ್ಟ್ 1996ರಲ್ಲಿ ನಿಲ್ಲಿಸಿತು. ಮತ್ತೆ ಎಬ್ಬಿಸಿದ್ದು 2009ರಲ್ಲಿ. ಆದರೆ ಆ ಇಳಿಸಿದ ಮದ್ದಿನ ಅಭ್ಯಾಸ ಇವತ್ತಿಗೂ ಅಂಗಡಿಯ ಅಗ್ಗದ ಪೆಟ್ಟಿಗೆಗಳಲ್ಲಿ ಉಳಿದುಕೊಂಡಿದೆ.

ಹಾಗಾಗಿ ಎರಡು ಬಗೆ ತಂದೆ. ಎರಡರಲ್ಲೂ 180 ಗ್ರೇನ್ ಗುಂಡು. 180 ಗ್ರೇನ್ ಎಂದರೆ ನಮ್ಮ ಚಿನಿವಾರರ ಲೆಕ್ಕದಲ್ಲಿ ಸರಿಯಾಗಿ ಒಂದು ತೊಲ. ಇದನ್ನು ತಿಳಿದ ದಿನದಿಂದ ನನಗೆ ಈ ತೋಟಾದ ಮೇಲೆ ಮಮತೆ ಜಾಸ್ತಿ. ಮೆದು ಪೆಟ್ಟಿಗೆ ಸೆಕೆಂಡಿಗೆ 1,030 ಅಡಿ ಎನ್ನುತ್ತಿತ್ತು, ಬಿರುಸಿನದು 1,250. ವೇಗ ಅಳೆಯುವ ಯಂತ್ರ ಇಟ್ಟು ನೋಡಿದೆ, ಎರಡೂ ಹೆಚ್ಚುಕಡಿಮೆ ಹೇಳಿದಷ್ಟೇ ಕೊಟ್ಟವು. ಓದಲು ಇದು ಚಿಕ್ಕ ವ್ಯತ್ಯಾಸ. ಪೆಟ್ಟಿನ ಬಲ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು.

ಹಳೆ ಡೆಲ್ಟಾಕ್ಕೆ ಅಜ್ಜ ಒಂದು ಷರತ್ತು ಹಾಕಿದ್ದರು: ಮೆದು ತೋಟಾ ಮಾತ್ರ. ಕಾರಣ ಅವರೇ ತೋರಿಸಿದರು. ಮೇಲೆ ಹಿಂದೆಮುಂದೆ ಜಾರುವ ಸ್ಲೈಡ್ ತೆಗೆದು ಕೆಳಗಿನ ಫ್ರೇಮನ್ನು ಬೆಳಕಿಗೆ ಹಿಡಿದರೆ, ಎಡಗಡೆ ಸ್ಲೈಡನ್ನು ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪ್ ಕೂರುವ ಕಿಂಡಿಯ ಮೇಲೆ ದಾರದಷ್ಟು ಸಣ್ಣ ಉಕ್ಕಿನ ಸೇತುವೆ ಕಾಣುತ್ತದೆ. ಮೊದಮೊದಲ ಡೆಲ್ಟಾಗಳಲ್ಲಿ ಅಲ್ಲಿ ಬಿರುಕು ಬರುತ್ತದೆ ಎಂಬುದು ಹೆಸರಾದ ಸಂಗತಿ. ಕೋಲ್ಟ್ ಆಮೇಲೆ ಮಾಡಿದ ಪರಿಹಾರ ನನಗೆ ಬಹಳ ಹಿಡಿಸಿತು. ಗಟ್ಟಿ ಮಾಡುವ ಗೋಜಿಗೆ ಹೋಗದೆ ಆ ಚೂರನ್ನೇ ಕೊಯ್ದು ಬಿಸಾಡಿತು. ಇಲ್ಲದ ಕಡೆ ಬಿರುಕೆಲ್ಲಿ? ಹೊಸದರಲ್ಲಿ ಅಲ್ಲಿ ಬರೀ ಕಂಡಿ. ಅಜ್ಜನದು ಇನ್ನೂ ಬಿರುಕಿಲ್ಲದೆ ಉಳಿದಿದೆ, ಉಳಿದದ್ದಕ್ಕೆ ಕಾರಣ ಆ ಷರತ್ತೇ.

ಮೆದು ತೋಟಾದಲ್ಲಿ, ಹದಿನೈದು ಗಜದಲ್ಲಿ, ಹಳೆಯದೂ ಹೊಸದೂ ಅಕ್ಕತಂಗಿಯರೇ. ಎರಡರ ಗುಂಪೂ, ಅಂದರೆ ಗುಂಡುಗಳು ಬಿದ್ದ ತೂತುಗಳ ಹರವು, ನನ್ನ ಅಂಗೈಯೊಳಗೆ ಅಡಗುವಷ್ಟು. ಟ್ರಿಗರ್ ಮಾತ್ರ ಹಳೆಯದರದೇ ಚೆಂದ. ಮೂರೂವರೆ ದಶಕ ಒಂದೇ ಬೆರಳು ಎಳೆದು ಎಳೆದು ಅದು ನುಣುಪಾಗಿದೆ, ಅಜ್ಜಿಮನೆ ಹೊಸ್ತಿಲ ಹಾಗೆ. ಆದರೆ ಹಳೆಯದರ ಹಿಡಿಯ ಮೇಲ್ತುದಿಯಲ್ಲಿ ಹಿಂದಕ್ಕೆ ಚಾಚಿದ ಬಾಲ ಗಿಡ್ಡ. ಐವತ್ತು ಹೊಡೆಯುವಷ್ಟರಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕೆಂಪಾಗಿತ್ತು. ಹೊಸದಕ್ಕೆ ಮೇಲಕ್ಕೆತ್ತಿದ ಉದ್ದ ಬಾಲ ಕೊಟ್ಟಿದ್ದಾರೆ, ಗುರಿ ಹಿಡಿಯಲು ಸ್ಲೈಡಿನ ಮೇಲೆ ಕಣ್ಣಿಗೆ ಬೇಗ ಸಿಗುವ ನೋವಾಕ್ ಎಂಬ ಬಗೆಯ ಗುರಿಗಳಿವೆ. ಕನ್ನಡಕ ಹಾಕಿದ ನನ್ನಂಥವನಿಗೆ ಆ ಗುರಿಗಳಿಗೇ ಅರ್ಧ ಬೆಲೆ ಕೊಡಬಹುದು. ಹಳೆಯದೇ ಶ್ರೇಷ್ಠ, ಹೊಸದು ನಕಲು ಅನ್ನುವವರ ಜೊತೆ ನನಗೆ ಜಗಳವಿದೆ. ಇಲ್ಲಿ ಮರಿ ತಾಯಿಗಿಂತ ಗಟ್ಟಿ.

ಗ್ಲಾಕ್ ಅದೇ ಮೆದು ತೋಟಾದಲ್ಲಿ ನನಗೆ ಸಪ್ಪೆ ಅನ್ನಿಸಿತು. ಗುಂಪು ಒಂದು ಬೆರಳಗಲ ದೊಡ್ಡದಾಯಿತು. ತಪ್ಪು ಪಿಸ್ತೂಲಿನದಲ್ಲ, ನನ್ನ ಬೆರಳಿನದು. ಕೋಲ್ಟಿನ ಟ್ರಿಗರ್ ಹಿಂದಕ್ಕೆ ನೇರವಾಗಿ ಜಾರಿ ಗಾಜು ಮುರಿದಂತೆ ಥಟ್ಟನೆ ಬಿಡುತ್ತದೆ, ಗ್ಲಾಕಿನದು ಸ್ವಲ್ಪ ದೂರ ನಡೆದು ಆಮೇಲೆ ಬಿಡುತ್ತದೆ. ಹಿಡಿಯೂ ದಪ್ಪ. ಹದಿನೈದು ತೋಟಾ ಎರಡು ಸಾಲಿನಲ್ಲಿ ಹಿಡಿಸಬೇಕಲ್ಲ, ಎಲ್ಲಿ ಸಣ್ಣಗಾಗುತ್ತದೆ? ಡೆಲ್ಟಾದ್ದು ಎಂಟು, ಒಂದೇ ಸಾಲು. ನನ್ನ ಕೈ ಚಿಕ್ಕದು.

ಬಿರುಸಿನ ಪೆಟ್ಟಿಗೆ ಒಡೆದಮೇಲೆ ಲೆಕ್ಕವೆಲ್ಲ ತಲೆಕೆಳಗಾಯಿತು.

ಹೊಸ ಡೆಲ್ಟಾದ ಮೊದಲ ಈಡಿಗೇ ಖಾಲಿ ಹಿತ್ತಾಳೆ ಮೂರು ಬೆಂಚು ದಾಟಿ ಹೋಗಿ ಬಿತ್ತು. ಒದೆತ ಚುರುಕು. .45 ನಿಧಾನಕ್ಕೆ ದೂಕಿದರೆ ಇದು ಕಪಾಳಕ್ಕೆ ಬಾರಿಸುತ್ತದೆ. ಮೊದಲ ಗುಂಡು ಬೇಕಾದಲ್ಲೇ ಬೀಳುತ್ತದೆ, ಎರಡನೆಯದಕ್ಕೆ ಗುರಿ ಮತ್ತೆ ಕೂರುವಷ್ಟರಲ್ಲಿ ಒಂದು ಉಸಿರು ಹೋಗಿರುತ್ತದೆ. ಬೇಗ ಬೇಗ ಐದು ಹೊಡೆದಾಗ ಗುಂಪು ಊಟದ ತಟ್ಟೆಯಷ್ಟಾಯಿತು. ಗ್ಲಾಕಿನಲ್ಲಿ ಅದೇ ಐದು ಉಪ್ಪಿಟ್ಟಿನ ತಟ್ಟೆಯೊಳಗೆ ನಿಂತವು. ತೂಕ ನೋಡಿದರೆ ಗ್ಲಾಕೇ ಹಗುರ, ಒದೆತ ಜಾಸ್ತಿಯಾಗಬೇಕಿತ್ತು. ಮೆದು ಪೆಟ್ಟಿಗೆಯಲ್ಲಿ ನಾನು ಬೈದುಕೊಂಡ ಆ ದಪ್ಪ ಹಿಡಿಯೇ ಇಲ್ಲಿ ಕೈ ಹಿಡಿಯಿತು. ಒದೆತವನ್ನು ಅಂಗೈ ತುಂಬ ಹರಡುತ್ತದೆ, ಪ್ಲಾಸ್ಟಿಕ್ ಫ್ರೇಮು ಚೂರು ಬಾಗಿ ನುಂಗುತ್ತದೆ. ನಳಿಗೆ ಕೋಲ್ಟಿನದು ಐದು ಇಂಚು, ಗ್ಲಾಕಿನದು 4.6. ವೇಗದಲ್ಲಿ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ ನಾಯಿಬಂಡಿಯಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳದವರು ಹಿಮಕರಡಿಯ ಭಯಕ್ಕೆ ಗ್ಲಾಕ್ 20 ಇಟ್ಟುಕೊಳ್ಳುತ್ತಾರೆ ಎಂದು ಓದಿದ್ದೆ. ಆ ಐದು ಗುಂಡಿನ ನಂತರ ಯಾಕೆ ಎಂದು ಕೈಗೇ ಗೊತ್ತಾಯಿತು.

ಡೆಲ್ಟಾ ಒಂದು ಸಲ ಸಿಕ್ಕಿಕೊಂಡಿತು. ಅದು ನನ್ನ ಜಿಪುಣತನದ ಫಲ. ಎಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ ಬೇರೆ ತಯಾರಿಕೆಯ ಮ್ಯಾಗಜೀನಿನ ಸ್ಪ್ರಿಂಗು, ಸ್ಲೈಡಿನ ಓಟಕ್ಕೆ ತೋಟಾವನ್ನು ಸಮಯಕ್ಕೆ ಎತ್ತಲಿಲ್ಲ. ಜೊತೆಗೆ ಬಂದ ಮ್ಯಾಗಜೀನಿನಲ್ಲಿ ಮತ್ತೆ ಹಾಗಾಗಲಿಲ್ಲ. ಮೆದು ತೋಟಾದಲ್ಲಿ ಆ ಅಗ್ಗದ್ದೂ ಸುಮ್ಮನಿತ್ತು.

ಒರೆಸಿಡುವ ವಿಷಯದಲ್ಲಿ ಸ್ಪರ್ಧೆಯೇ ಇಲ್ಲ. ಗ್ಲಾಕ್ ಟೀ ಕುದಿಯುವಷ್ಟರಲ್ಲಿ ಬಿಚ್ಚಿ, ಒರೆಸಿ, ಕೂಡಿಸಿ ಆಗುತ್ತದೆ. ಡೆಲ್ಟಾದಲ್ಲಿ ಒಂದರೊಳಗೊಂದು ಎರಡು ಸ್ಪ್ರಿಂಗ್. ಮುಂದಿನ ಬಿರಡೆಯನ್ನು ಹೆಬ್ಬೆರಳಿನಲ್ಲಿ ಒತ್ತಿಹಿಡಿದೇ ನಳಿಗೆಯ ತುದಿಯಲ್ಲಿರುವ ಬುಶಿಂಗ್ ಎಂಬ ಬಳೆಯನ್ನು ತಿರುಗಿಸಬೇಕು. ನನ್ನ ಹೆಬ್ಬೆರಳು ಎಣ್ಣೆಗೆ ಜಾರಿತು. ಬಿರಡೆ ಹಾರಿ ಅಡಿಗೆಮನೆಯ ಒಗ್ಗರಣೆ ಡಬ್ಬಿಗಳ ಹಿಂದೆ ಹೋಗಿ ಅಡಗಿತು. ಮನೆಯವಳು ಸಾಸಿವೆ, ಜೀರಿಗೆ, ಇಂಗು ಒಂದೊಂದೇ ಕೆಳಗಿಳಿಸುತ್ತ "ಇದನ್ನ ತಗೊಳ್ಳೋದೇನಾ ನೀವು?" ಅಂದಳು. ಸಿಕ್ಕಿದ್ದು ಮೆಂತೆ ಡಬ್ಬಿಯ ಹಿಂದೆ. ಇನ್ನು ಸ್ಲೈಡ್ ಸ್ಟಾಪ್ ಒಳಗೆ ತಳ್ಳುವಾಗ ಫ್ರೇಮಿನ ಮೇಲೆ ಕಮಾನಿನಾಕಾರದ ಗೀರು ಬೀಳುತ್ತದೆಂದು ಎಲ್ಲರೂ ಎಚ್ಚರಿಸಿದ್ದರು. ಎಚ್ಚರಿಕೆಯಿಂದಲೇ ಗೀರಿದೆ.

ಎಲ್ಲ ಕೂಡಿಸಿದರೆ ಗ್ಲಾಕ್ ಗೆಲ್ಲಬೇಕು. ತೋಟಾ ಹೆಚ್ಚು, ತೂಕ ಕಡಿಮೆ, ಬೆಲೆ ಕಡಿಮೆ, ಬಿರುಸಿನ ಮದ್ದನ್ನು ಸಲೀಸಾಗಿ ತಾಳುತ್ತದೆ. ಅಜ್ಜನ ಮುಂದೆ ಈ ಪಟ್ಟಿ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ: "ಯಾವುದನ್ನು ಹೊಡೆಯೋದಕ್ಕೆ?"

ನನಗೆ ಬೇಕಿರುವುದು ಹಾವೆಲೀನಾಕ್ಕೆ. ಅರಿಜೋನಾದ ಮರಳುಗಾಡಿನಲ್ಲಿ ಗುಂಪುಗುಂಪಾಗಿ ಕಳ್ಳಿ ತಿಂದುಕೊಂಡಿರುವ ಹಂದಿಯಂಥ ಪ್ರಾಣಿ. ಹಂದಿಯ ದೂರದ ನೆಂಟ, ಹಂದಿಯಲ್ಲ. ಪಿಸ್ತೂಲು, ಬಿಲ್ಲು, ಮದ್ದು ಜಡಿಯುವ ಕೋವಿ, ಈ ಮೂರಕ್ಕೆಂದೇ ಬೇರೆ ಋತು ಇಟ್ಟಿದ್ದಾರೆ. ದೊಡ್ಡದೆಂದರೆ ಇಪ್ಪತ್ತೈದು ಕಿಲೋ. ಇದಕ್ಕೆ ಬಿರುಸಿನ ಮದ್ದು ಬೇಕೇ ಇಲ್ಲ, ಮೆದು ತೋಟಾದ ಒಂದು ತೊಲವೇ ಧಾರಾಳ. ಹದಿನೈದು ತೋಟಾವೂ ಬೇಡ. ಬೇಕಾದದ್ದು ಮೊದಲ ಗುಂಡು ಹೋಗಬೇಕಾದಲ್ಲಿಗೆ ಹೋಗುವುದು. ಅದನ್ನು ನನ್ನ ಕೈಯಲ್ಲಿ ಚೆನ್ನಾಗಿ ಮಾಡಿದ್ದು ಡೆಲ್ಟಾ.

ಕರಡಿ ಇರುವ ಕಾಡಿಗೆ ಹೊರಟವನಾದರೆ ಎರಡು ಯೋಚನೆ ಮಾಡದೆ ಗ್ಲಾಕ್ ಕೊಳ್ಳುತ್ತಿದ್ದೆ. ನೀವು ಅಂಥವರಾದರೆ ಅದನ್ನೇ ಕೊಳ್ಳಿ. ನಾನು ಹೊಸ ಡೆಲ್ಟಾ ತಂದೆ. ಬ್ರೆನ್ ಟೆನ್‌ಗೆ ಅಚ್ಚು ಕೊಟ್ಟ ಸಿ.ಝಡ್.ನವರೇ 2021ರಲ್ಲಿ ಕೋಲ್ಟ್ ಕಂಪನಿಯನ್ನು ಕೊಂಡರು ಎಂದು ಅಜ್ಜನಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಫೋನಿನಲ್ಲಿ ಅಪ್ಪನಿಗೆ ವರದಿ ಒಪ್ಪಿಸಿದೆ. ಪಿಸ್ತೂಲಿನ ಹೆಸರು ಕೇಳಲಿಲ್ಲ.

"ತೋಟಾಗೆ ಎಷ್ಟು ಬೀಳತ್ತೆ?"

"ಮೆದುವಿನದು ಒಂದಕ್ಕೆ ಅರವತ್ತು ರೂಪಾಯಿ ಹತ್ರ ಹತ್ರ."

"ಮತ್ತೆ ಆ ಹಂದಿ ಮಾಂಸ ನಮ್ಮ ಕಾಡಂದಿ ತರಾನೇನಾ?"

"ಬೆನ್ನ ಮೇಲೆ ಒಂದು ವಾಸನೆ ಗಂಟು ಇರತ್ತಂತೆ ಅಪ್ಪ. ಸುಲಿಯೋವಾಗ ಅದು ಮಾಂಸಕ್ಕೆ ತಾಗಿದ್ರೆ ಬಾಯಿಗಿಡಕ್ಕಾಗಲ್ಲವಂತೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ಸುಲಿಯುವುದು ಹೇಗೆಂದು ಶುರುಮಾಡಿದರು, ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ.