ಬಟಾಬಯಲಿನಲ್ಲೂ ದಾರಿ ತಪ್ಪುತ್ತಿದ್ದ ಜಿಪಿಎಸ್: ವಿಜಯಪುರದ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯ ಕೆಲಸದ ಬಗ್ಗೆ

ವಿಜಯಪುರದ ಸೋಲಾಪುರ ರಸ್ತೆಯಲ್ಲಿ, ಫಲಕದ ಮೇಲೆ ‘ಆಟೋ ಎಲೆಕ್ಟ್ರಿಕಲ್ ವರ್ಕ್ಸ್’ ಎಂದಷ್ಟೇ ಬರೆದಿರುವ ಒಂದು ಚಿಕ್ಕ ಅಂಗಡಿಯಿದೆ. ನಾಲ್ಕು ತಿಂಗಳಿಂದ ನನ್ನ ಕಾರಿನ ನ್ಯಾವಿಗೇಶನ್ ಅನ್ನು ಕಾಡುತ್ತಿದ್ದ, ಬೇರೊಂದು ಕಡೆ ಎರಡು ಬಾರಿ ದುಡ್ಡು ಕೊಟ್ಟರೂ ಬಿಡದ ಒಂದು ತೊಂದರೆಯನ್ನು ಆ ಅಂಗಡಿಯ ಮಾಲೀಕರು ಸಾವಿರ ರೂಪಾಯಿಯೊಳಗೆ ಸರಿ ಮಾಡಿಕೊಟ್ಟರು. ಅವರು ಆ ದೋಷವನ್ನು ಹುಡುಕಿದ ಬಗೆ ಇಂಥದೇ ತೊಂದರೆಯಲ್ಲಿರುವ ಯಾರಿಗಾದರೂ ಉಪಯೋಗವಾಗುವಂಥದ್ದು. ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನದು ಹನಿ ನೀರಾವರಿ ಸಾಮಗ್ರಿಗಳ ಮಾರಾಟ ಮತ್ತು ದುರಸ್ತಿಯ ಕೆಲಸ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಿಗೂ ಇಂಡಿ ಕಡೆಯ ಲಿಂಬೆ ತೋಟಗಳಿಗೂ ವಾರದಲ್ಲಿ ಐದು ದಿನ ಓಡಾಟವಿರುತ್ತದೆ. ನಮ್ಮ ಭಾಗದಲ್ಲಿ ಅನೇಕ ರೈತರು ಊರೊಳಗೆ ಇರದೆ ಹೊಲದಲ್ಲಿಯೇ ಮನೆ ಕಟ್ಟಿಕೊಂಡಿರುತ್ತಾರೆ. ಆ ತೋಟದ ವಸ್ತಿಗಳಿಗೆ ಮನೆ ನಂಬರೂ ಇಲ್ಲ, ರಸ್ತೆಯ ಹೆಸರೂ ಇಲ್ಲ. ರೈತರು ಫೋನಿನಲ್ಲಿ ಲೊಕೇಶನ್ ಕಳಿಸುತ್ತಾರೆ, ನಾವು ಅದನ್ನೇ ನಂಬಿಕೊಂಡು ಡಾಂಬರು ರಸ್ತೆಯಿಂದ ಮಣ್ಣಿನ ದಾರಿಗೆ ಇಳಿಯಬೇಕು. ಇಳಿಯುವ ತಿರುವನ್ನು ಒಮ್ಮೆ ದಾಟಿದರೆ ಮುಂದಿನ ಮೂರು ಕಿಲೋಮೀಟರಿನವರೆಗೆ ಕೇಳಲು ಒಬ್ಬ ಮನುಷ್ಯನೂ ಸಿಗುವುದಿಲ್ಲ.

ಕಳೆದ ಚಳಿಗಾಲ ಮುಗಿಯುವ ಹೊತ್ತಿಗೆ, ಕಾರಿನಲ್ಲಿ ಹಾಕಿಸಿದ್ದ ಆಂಡ್ರಾಯ್ಡ್ ಸ್ಟೀರಿಯೊದ ಪರದೆಯ ಮೇಲೆ ‘ಜಿಪಿಎಸ್ ಸಿಗ್ನಲ್ ಇಲ್ಲ’ ಎಂಬ ಸೂಚನೆ ಆಗಾಗ ಬರತೊಡಗಿತು. ಕಾರು ಮುಂದೆ ಹೋಗುತ್ತಿರುತ್ತಿತ್ತು, ನಕ್ಷೆಯ ಮೇಲಿನ ಬಾಣ ಮಾತ್ರ ಹಿಂದಿನ ಕ್ರಾಸಿನಲ್ಲಿಯೇ ನಿಂತಿರುತ್ತಿತ್ತು. ಒಮ್ಮೆ ಎರಡೇ ನಿಮಿಷದಲ್ಲಿ ಸರಿಹೋದರೆ ಇನ್ನೊಮ್ಮೆ ಹದಿನೈದು ನಿಮಿಷವಾದರೂ ಸರಿಹೋಗುತ್ತಿರಲಿಲ್ಲ, ಮತ್ತೆ ಮೂರು ದಿನ ಏನೂ ಆಗುತ್ತಿರಲಿಲ್ಲ. ಪೂರ್ತಿ ಕೆಟ್ಟು ನಿಂತ ಯಂತ್ರವನ್ನು ದುರಸ್ತಿ ಮಾಡುವುದು ಸುಲಭ; ಹೀಗೆ ಬಂದು ಹೋಗುವ ದೋಷ ಅಂಗಡಿಗೆ ಕರೆದೊಯ್ದಾಗಲೇ ಮಾಯವಾಗಿರುತ್ತದೆ.

ನಾನು ಮೊದಲು ಹೋದದ್ದು ನಗರದ ಒಂದು ದೊಡ್ಡ ಕಾರ್ ಆಕ್ಸೆಸರಿ ಅಂಗಡಿಗೆ. ಅದರ ಹೆಸರು ಬೇಡ. ಅಲ್ಲಿ ಮೊದಲ ಸಲ ಸಾಫ್ಟ್‌ವೇರ್ ದೋಷವೆಂದು ಹೇಳಿ ಯಂತ್ರವನ್ನು ರೀಸೆಟ್ ಮಾಡಿ 800 ರೂಪಾಯಿ ತೆಗೆದುಕೊಂಡರು. ಸಾಫ್ಟ್‌ವೇರಿನಿಂದ ತೊಂದರೆಯಾಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ: ಜಿಪಿಎಸ್ ತನ್ನ ವಾರಗಳ ಎಣಿಕೆಯನ್ನು 1024 ವಾರಗಳಿಗೊಮ್ಮೆ ಸೊನ್ನೆಯಿಂದ ಶುರುಮಾಡುತ್ತದೆ, ಕೊನೆಯ ಬಾರಿ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ, ಆಗ ಕೆಲವು ಹಳೆಯ ಸಾಧನಗಳು ತಪ್ಪು ದಿನಾಂಕ ತೋರಿಸತೊಡಗಿದವು. ಆದರೆ ಅಂಥ ದೋಷ ಬಂತೆಂದರೆ ಕಾಯಂ ಆಗಿ ಕುಳಿತುಕೊಳ್ಳುತ್ತದೆಯೇ ಹೊರತು ಮಂಗಳವಾರ ಬಂದು ಬುಧವಾರ ಹೋಗುವುದಿಲ್ಲ. ರೀಸೆಟ್ ಆದ ಮೂರನೆಯ ದಿನವೇ ಬಾಣ ಮತ್ತೆ ನಿಂತಿತು. ಎರಡನೆಯ ಸಲ ಹೋದಾಗ ಆಂಟೆನಾ ಕೆಟ್ಟಿದೆಯೆಂದು 2,400 ರೂಪಾಯಿಗೆ ಹೊಸದನ್ನು ಹಾಕಿದರು. ಎಲ್ಲಿ ಹಾಕಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸೋಲಾಪುರ ರಸ್ತೆಯ ಅಂಗಡಿಯವರು ನಾನು ಹೋದ ದಿನ ಕಾರಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. “ಯಾವಾಗ ಹೋಗತೈತ್ರಿ, ಎಲ್ಲಿ ಹೋಗತೈತ್ರಿ, ಅದನ್ನ ಮೊದಲ ಹೇಳ್ರಿ ಸರ” ಎಂದು ಕೇಳಿದರು. ತಿಕೋಟಾ ರಸ್ತೆಯಲ್ಲಿ ಹೆಚ್ಚಾಗಿ ಹೋಗುತ್ತದೆ ಎಂದೆ. ಆ ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಹೊಲವೇ ಇದೆ, ಆಕಾಶವನ್ನು ಮುಚ್ಚುವ ಮರವಾಗಲಿ ಕಟ್ಟಡವಾಗಲಿ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. “ಹಂಗಾದ್ರ ಇದು ಆಕಾಶದ ತಪ್ಪಲ್ರಿ, ಗಾಡಿ ಒಳಗಿಂದ ಐತಿ” ಎಂದರು. ನಾಲ್ಕು ತಿಂಗಳಲ್ಲಿ ನನಗೆ ಹೊಳೆಯದ ವಿಚಾರವಿದು. ಬೆಂಗಳೂರಿನ ಮೇಲ್ಸೇತುವೆಗಳ ಕೆಳಗೆ ಅಥವಾ ಖಾನಾಪುರದ ಕಾಡಿನೊಳಗೆ ಸಿಗ್ನಲ್ ಹೋದರೆ ಕಾರಣವನ್ನು ಹೊರಗೆ ಹುಡುಕಬಹುದು, ಆದರೆ ನಮ್ಮ ಎರೆ ಹೊಲಗಳ ನಡುವೆ ಹೋದರೆ ಅದನ್ನು ಕಾರಿನೊಳಗೇ ಹುಡುಕಬೇಕು.

ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ ಕಳಿಸಿದರು: ಸಿಗ್ನಲ್ ಹೋದ ಹೊತ್ತು, ಜಾಗ, ಎಷ್ಟು ನಿಮಿಷದ ಮೇಲೆ ಬಂತು, ಏಸಿ ನಡೆಯುತ್ತಿತ್ತೋ ಇಲ್ಲವೋ, ಆಗ ಚಾರ್ಜರಿಗೆ ಏನೇನು ಚುಚ್ಚಿತ್ತು, ರಸ್ತೆ ಹೇಗಿತ್ತು. ಎಂಟು ದಿನಗಳಲ್ಲಿ ಹನ್ನೊಂದು ಸಲ ಬರೆದೆ. ಅದರಲ್ಲಿ ಒಂಬತ್ತು ಸಲ ಮುಂದಿನ ರಸ್ತೆಯನ್ನು ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್ ಚಾಲೂ ಇತ್ತು, ಹೆಚ್ಚಿನವು ಬೆಳಿಗ್ಗೆ ಕಾರು ಹೊರಟ ಮೊದಲ ಅರ್ಧ ಗಂಟೆಯೊಳಗೆ ಆಗಿದ್ದವು. ಉಳಿದೆರಡು ಮಾತ್ರ ಡ್ಯಾಶ್‌ಕ್ಯಾಮ್ ಬಂದ್ ಇದ್ದಾಗ, ತೋಟದ ದಾರಿಯ ಗುಂಡಿಗಳಲ್ಲಿ ಆದವು. ಆ ಪುಟವನ್ನು ನೋಡಿ ಅವರು, ದೋಷ ಒಂದಲ್ಲ, ಎರಡಿರಬೇಕು ಎಂದರು.

ಅವರು ಮಾಡಿದ್ದು ಅರ್ಥವಾಗಲು ಈ ಸಿಗ್ನಲ್ ಎಷ್ಟು ಕ್ಷೀಣವಾದದ್ದೆಂಬುದು ಗೊತ್ತಿರಬೇಕು. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವು 1575.42 ಮೆಗಾಹರ್ಟ್ಸ್ ಆವರ್ತನದಲ್ಲಿ ಕಳಿಸುವ ಸಿಗ್ನಲ್ ನಮ್ಮ ಕಾರಿನವರೆಗೆ ಬರುವಷ್ಟರಲ್ಲಿ, ಒಂದು ವ್ಯಾಟನ್ನು ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟೇ ಉಳಿದಿರುತ್ತದೆ. ಕಾರು ಎಲ್ಲಿದೆಯೆಂದು ಲೆಕ್ಕ ಹಾಕಲು ಇಂಥ ನಾಲ್ಕು ಉಪಗ್ರಹಗಳಾದರೂ ಒಮ್ಮೆಗೇ ಸ್ಪಷ್ಟವಾಗಿ ಕೇಳಿಸಬೇಕು. ಆಂಟೆನಾದ ಪಕ್ಕದಲ್ಲಿಯೇ ಒಂದು ಅಗ್ಗದ ಚಾರ್ಜರ್ ಗದ್ದಲ ಮಾಡುತ್ತಿದ್ದರೆ ಆ ಪಿಸುಮಾತು ಕೇಳಿಸುವ ಬಗೆಯೆಂತು?

ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿ, ಉಪಗ್ರಹಗಳ ಸಿಗ್ನಲ್ ಬಲವನ್ನು ತೋರಿಸುವ ಒಂದು ಉಚಿತ ಆ್ಯಪನ್ನು ಅವರು ಸ್ಟೀರಿಯೊದೊಳಗೇ ಹಾಕಿದರು. ಫೋನಿನಲ್ಲಿ ನೋಡಿದರೆ ಫೋನಿನ ಆಂಟೆನಾದ ಸಂಗತಿ ತಿಳಿಯುತ್ತದೆಯೇ ವಿನಾ ಕಾರಿನದಲ್ಲ ಎಂದೂ ವಿವರಿಸಿದರು. ಆ ಅಳತೆ ಡೆಸಿಬಲ್-ಹರ್ಟ್ಸ್‌ನಲ್ಲಿರುತ್ತದೆ. 40ರ ಆಸುಪಾಸಿನ ಅಂಕಿ ಒಳ್ಳೆಯದು, 30ಕ್ಕಿಂತ ಕೆಳಗಿನದು ದುರ್ಬಲ, ಮೂರು ಅಂಕಿ ಇಳಿದರೆ ಬಲ ಅರ್ಧವಾಯಿತೆಂದೂ ಹತ್ತು ಇಳಿದರೆ ಹತ್ತನೆಯ ಒಂದು ಪಾಲಾಯಿತೆಂದೂ ಲೆಕ್ಕ. ಚಾರ್ಜರುಗಳೆಲ್ಲವನ್ನೂ ಬಿಚ್ಚಿಟ್ಟಾಗ ನನ್ನ ಕಾರಿನಲ್ಲಿ ಅತಿ ಬಲವಾದ ಉಪಗ್ರಹ 34 ತೋರಿಸಿತು. ಫೋನ್ ಚಾರ್ಜರ್ ಚುಚ್ಚಿದಾಗ ಅಷ್ಟೇ ಇತ್ತು. ಡ್ಯಾಶ್‌ಕ್ಯಾಮಿನ ಚಾರ್ಜರ್ ಚುಚ್ಚಿದ ಕೂಡಲೇ ಎಲ್ಲ ಗೆರೆಗಳೂ ಕುಸಿದು ಇದ್ದದ್ದರಲ್ಲೇ ದೊಡ್ಡ ಅಂಕಿ 26ಕ್ಕೆ ಬಂತು, ಮೂರು ಉಪಗ್ರಹಗಳು ಪಟ್ಟಿಯಿಂದಲೇ ಹೋದವು. ಅವರು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದರು, ನಾಲ್ಕು ಸಲವೂ ಹಾಗೆಯೇ ಆಯಿತು. ಅಷ್ಟು ದಿನ ಕೈಗೆ ಸಿಗದೆ ಕಾಡಿದ ದೋಷ ಕಣ್ಣೆದುರು ಏರಿಳಿಯುವುದನ್ನು ನೋಡಿದಾಗ ನನಗಾದ ಸಮಾಧಾನ ಸಣ್ಣದಲ್ಲ.

ಬೆಳಿಗ್ಗೆಯೇ ಏಕೆ ಹೆಚ್ಚು ಎಂಬುದಕ್ಕೂ ಕಾರಣವಿತ್ತು. ಪ್ರತಿ ಉಪಗ್ರಹವೂ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಪುನಃ ಪುನಃ ಕಳಿಸುತ್ತಿರುತ್ತದೆ, ಒಮ್ಮೆ ಪಡೆದ ವಿವರ ಸಾಮಾನ್ಯವಾಗಿ ನಾಲ್ಕು ಗಂಟೆಯವರೆಗೆ ಉಪಯೋಗಕ್ಕೆ ಬರುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಹಳೆಯ ವಿವರ ಹಳಸಿರುವುದರಿಂದ ಹೊಸದನ್ನು ತಡೆಯಿಲ್ಲದೆ ಕೇಳಿಸಿಕೊಳ್ಳಬೇಕು. ನಡುವೆ ಗದ್ದಲ ಬಂದು ಮಾತು ತುಂಡಾದರೆ ಮುಂದಿನ ಸುತ್ತಿಗೆ ಕಾಯಬೇಕು. ಮಧ್ಯಾಹ್ನವಾದರೆ ವಿವರ ಕೈಯಲ್ಲಿರುತ್ತದೆ, ಕ್ಷಣಕಾಲ ಸಿಗ್ನಲ್ ಹೋದರೂ ಬೇಗನೆ ಹಿಡಿದುಕೊಳ್ಳುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಬೆಳಗಿನ ನಿಮಿಷಗಳು ಉದ್ದವಾಗಿಯೂ ಮಧ್ಯಾಹ್ನದವು ಗಿಡ್ಡವಾಗಿಯೂ ಇದ್ದದ್ದು ಈ ಕಾರಣಕ್ಕೆ.

ಆದರೂ ಎಲ್ಲವನ್ನೂ ಬಿಚ್ಚಿಟ್ಟ ಮೇಲೆ ಇಂಥ ತೆರೆದ ಜಾಗದಲ್ಲಿ 34 ಮಾತ್ರ ಬರುವುದು ಕಡಿಮೆಯೇ ಎಂದು ಅವರು ಅಲ್ಲಿಗೇ ಬಿಡಲಿಲ್ಲ. ಸ್ಟೀರಿಯೊವನ್ನು ಹೊರಗೆಳೆದು ಆಂಟೆನಾದ ಕೊಂಡಿ ಬಿಚ್ಚಿ ಮಲ್ಟಿಮೀಟರ್ ಹಿಡಿದರು. ಆಂಟೆನಾದ ಡಬ್ಬಿಯೊಳಗೆ ಸಿಗ್ನಲ್ ಹಿಗ್ಗಿಸುವ ಒಂದು ಸಣ್ಣ ಸರ್ಕ್ಯೂಟ್ ಇರುತ್ತದೆ, ಅದಕ್ಕೆ ಬೇಕಾದ 3ರಿಂದ 5 ವೋಲ್ಟ್ ಕರೆಂಟು ಸಿಗ್ನಲ್ ಬರುವ ಅದೇ ತಂತಿಯಲ್ಲಿ ಹೋಗುತ್ತದೆ. ಅದು ತಪ್ಪಿದರೆ ಎಷ್ಟು ಬೆಲೆಯ ಆಂಟೆನಾ ಹಾಕಿದರೂ ವ್ಯರ್ಥ. ನನ್ನ ಕಾರಿನಲ್ಲಿ ಕರೆಂಟು ಸರಿಯಾಗಿಯೇ ಇತ್ತು, ತಂತಿ ಅಲುಗಾಡಿಸಿದರೂ ಕದಲಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಒಳಗೆ ಟಾರ್ಚ್ ಹಾಕಿ ನೋಡಿದಾಗ ಸಿಕ್ಕಿದ್ದು ಒಂದಲ್ಲ, ಎರಡು ಆಂಟೆನಾ. ಹಳೆಯದನ್ನು ಬಿಚ್ಚಿ ಅಲ್ಲಿಯೇ ಬಿಟ್ಟಿದ್ದರು. ಹೊಸದನ್ನು ಎರಡು ಬದಿ ಅಂಟುವ ಟೇಪಿನಿಂದ ಮೇಲ್ಗಡೆ ಅಂಟಿಸಿದ್ದರು, ನಮ್ಮೂರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕಾದು ಆ ಟೇಪು ಕರಗಿ, ಡಬ್ಬಿ ಜಾರಿ, ಉಕ್ಕಿನ ಅಡ್ಡಪಟ್ಟಿಯ ಕೆಳಗೆ ಬೋರಲಾಗಿ ಬಿದ್ದಿತ್ತು. ಪ್ಲಾಸ್ಟಿಕ್ಕಿನ ಮೂಲಕ ಈ ಸಿಗ್ನಲ್ ಹಾಯ್ದು ಬರುತ್ತದೆ, ಲೋಹದ ಮೂಲಕ ಬರುವುದಿಲ್ಲ. ಗುಂಡಿಯಲ್ಲಿ ಕಾರು ಕುಲುಕಿದಾಗೆಲ್ಲ ಡಬ್ಬಿ ಸ್ವಲ್ಪ ಒಳಗೆ ಸ್ವಲ್ಪ ಹೊರಗೆ ಆಗುತ್ತಿತ್ತು. ನೋಟ್‌ಬುಕ್ಕಿನ ಉಳಿದೆರಡು ಘಟನೆಗಳಿಗೆ ಉತ್ತರ ಇಲ್ಲಿತ್ತು.

ಹಳೆಯ ಆಂಟೆನಾವನ್ನೇ ಜೋಡಿಸಿ ನೋಡಿದಾಗ ಹೊಸದರಷ್ಟೇ ಅಂಕಿಗಳು ಬಂದವು. ಅಂದರೆ ನಾನು ಕೊಟ್ಟ 2,400 ರೂಪಾಯಿ ಬೇಕಿಲ್ಲದ ಸಾಮಾನಿಗೆ ಹೋಗಿತ್ತು, ಆ ಬೇಸರ ನನಗೆ ಈಗಲೂ ಇದೆ. ಜಾರಿ ಬಿದ್ದು ಬಲ ಕುಗ್ಗಿದ ಆಂಟೆನಾವೊಂದೇ ಇದ್ದರೆ ಅಥವಾ ಚಾರ್ಜರಿನ ಗದ್ದಲವೊಂದೇ ಇದ್ದರೆ ಸ್ಟೀರಿಯೊ ಹೆಚ್ಚು ಸಲ ತಾಳಿಕೊಳ್ಳುತ್ತಿತ್ತೆಂದೂ ಎರಡೂ ಕೂಡಿದ ಹೊತ್ತಿನಲ್ಲಿ ಸೋಲುತ್ತಿತ್ತೆಂದೂ ಅವರು ವಿವರಿಸಿದರು.

ಆಂಟೆನಾವನ್ನು ಮುಂಗಾಜಿನ ಬುಡದಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ, ಒಂದು ತೆಳ್ಳನೆಯ ತಗಡಿನ ಮೇಲೆ ಮುಖ ಮೇಲೆ ಮಾಡಿ ಕೂರಿಸಿ ಟೈ ಹಾಕಿ ಬಿಗಿದರು. ಲೋಹ ಈ ಆಂಟೆನಾದ ಅಡಿಯಲ್ಲಿದ್ದರೆ ಸಹಾಯ, ನೆತ್ತಿಯ ಮೇಲಿದ್ದರೆ ತಡೆ. ಡ್ಯಾಶ್‌ಕ್ಯಾಮಿನ ತಂತಿ ಆಂಟೆನಾದ ತಂತಿಯ ಜೊತೆಗೇ ಒಂದು ಕಟ್ಟಿನಲ್ಲಿ ಹೋಗಿತ್ತು, ಅದನ್ನು ಬೇರ್ಪಡಿಸಿ ಎದುರು ಬದಿಯಿಂದ ಒಯ್ದರು. ಮುಂಗಾಜಿನ ಅಂಚಿನ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ತಂತಿಯನ್ನು ಏರ್‌ಬ್ಯಾಗಿನ ಮುಂದೆ ಎಳೆಯಬಾರದೆಂಬ ಎಚ್ಚರಿಕೆಯನ್ನೂ ಹೇಳಿದರು. ಚಾರ್ಜರ್ ಬದಲಿಸಿ ತಂತಿಗೆ ಗದ್ದಲ ತಗ್ಗಿಸುವ ಒಂದು ಫೆರೈಟ್ ಕ್ಲಿಪ್ ಹಾಕಿದರು. ಕೂಲಿ 600, ಚಾರ್ಜರ್ ಮತ್ತು ಕ್ಲಿಪ್ಪಿಗೆ 380, ಒಟ್ಟು 980 ರೂಪಾಯಿ. ಕೆಲಸ ಮುಗಿದಾಗ ಡ್ಯಾಶ್‌ಕ್ಯಾಮ್ ಚಾಲೂ ಇದ್ದೂ ಅಂಕಿ 42 ಇತ್ತು.

ಎರಡು ತಿಂಗಳಾಯಿತು. ತಿಕೋಟಾ, ಇಂಡಿ, ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆಯವರೆಗೂ ಓಡಾಡಿದ್ದೇನೆ, ಬಾಣ ಒಮ್ಮೆಯೂ ನಿಂತಿಲ್ಲ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮೂಲಕ ಗೋವಾಕ್ಕೆ ಹೋದಾಗ ಚೋರ್ಲಾ ಘಾಟಿನ ದಟ್ಟ ಮರಗಳ ಕೆಳಗೆ ಎರಡು ಸಲ ಸಿಗ್ನಲ್ ಹೋಗಿ ಬಂತು. ಅಲ್ಲಿ ಹೀಗಾಗುವುದೆಂದು ಅವರು ಮೊದಲೇ ಹೇಳಿದ್ದರು: ಕಂಪನಿಯಿಂದಲೇ ಬರುವ ಕೆಲವು ನ್ಯಾವಿಗೇಶನ್‌ಗಳು ಚಕ್ರದ ವೇಗವನ್ನೂ ತಿರುವನ್ನೂ ಅಳೆದು ಸಿಗ್ನಲ್ ಇಲ್ಲದಾಗಲೂ ಅಂದಾಜಿನಿಂದ ಬಾಣವನ್ನು ಮುಂದೆ ನಡೆಸುತ್ತವೆ, ಹೊರಗೆ ಹಾಕಿಸಿದ ನನ್ನ ಸ್ಟೀರಿಯೊಗೆ ಆ ಅನುಕೂಲವಿಲ್ಲ.

ಅಂಗಡಿಯಲ್ಲಿ ಕೊರತೆಗಳೂ ಇವೆ. ಫೋನಿನಲ್ಲಿ ಸಮಯ ಗೊತ್ತುಮಾಡಿಕೊಳ್ಳುವುದಿಲ್ಲ, ಮೊದಲು ಬಂದವರಿಗೆ ಮೊದಲು. ನಾನು ಎರಡು ಅರ್ಧ ದಿನ ಅಲ್ಲಿ ಕಳೆದೆ. ಕೂರಲು ಒಂದೇ ಬೆಂಚು, ಅದೂ ಹನ್ನೊಂದರ ನಂತರ ಬಿಸಿಲಿಗೆ ಬೀಳುತ್ತದೆ. ಬಿಲ್ಲನ್ನು ಕೇಳಿ ಬರೆಸಿಕೊಳ್ಳಬೇಕಾಯಿತು, ಮಾಡಿದ ಕೆಲಸದ ವಿವರ ಅದರಲ್ಲಿಲ್ಲ. ಇಷ್ಟು ಚೆನ್ನಾಗಿ ಬಾಯಲ್ಲಿ ವಿವರಿಸುವವರು ಎರಡು ಸಾಲು ಬರೆದು ಕೊಟ್ಟರೆ ಮುಂದೆ ಇನ್ನೊಬ್ಬ ಮೆಕ್ಯಾನಿಕ್ ಕೈಗೆ ಕಾರು ಹೋದಾಗ ಅನುಕೂಲವಾಗುತ್ತದೆ ಎಂದು ಅವರಿಗೆ ಹೇಳಿ ಬಂದಿದ್ದೇನೆ.

ಅಲ್ಲಿಗೆ ಹೋಗುವವರು ಕಾರನ್ನು ರಾತ್ರಿ ನಿಂತಲ್ಲಿಂದ ಬೆಳಿಗ್ಗೆ ನೇರವಾಗಿ ಒಯ್ಯಿರಿ. ಚಾರ್ಜರ್, ಡ್ಯಾಶ್‌ಕ್ಯಾಮ್, ಮುಂಗಾಜಿಗೆ ಹಚ್ಚಿಸಿದ ಬಿಸಿಲು ತಡೆಯುವ ಫಿಲ್ಮ್, ಯಾವುದನ್ನೂ ಮೊದಲೇ ತೆಗೆಯಬೇಡಿ. ಲೋಹದ ಪದರವಿರುವ ಫಿಲ್ಮ್ ಕೂಡ ಸಿಗ್ನಲ್ ತಡೆಯುತ್ತದೆ, ಆದ್ದರಿಂದ ಅದು ಯಾವ ಬಗೆಯದೆಂದು ಕೇಳುತ್ತಾರೆ. ಒಂದು ವಾರದ ನೋಟ್‌ಬುಕ್ ನಿಮ್ಮ ಕೈಯಲ್ಲಿದ್ದರೆ ಮೊದಲ ಅರ್ಧ ದಿನ ಉಳಿಯುತ್ತದೆ.