ಒಂದು ಕೌಂಟರ್, ಮೂರು ಸರ್ಕಾರ: ನಮ್ಮೂರ ಪಂಚಾಯಿತಿ ಕಚೇರಿಯ ಸೇವೆ

ತೀರಿಹೋದ ತಂದೆಯವರ ಹೆಸರಿನಲ್ಲಿದ್ದ ಮನೆಯ ಖಾತೆಯನ್ನು ತಾಯಿಯವರ ಹೆಸರಿಗೆ ಬದಲಾಯಿಸಿಕೊಳ್ಳುವ ಸಲುವಾಗಿ ಕಳೆದ ಮಳೆಗಾಲದಿಂದ ಸಂಕ್ರಾಂತಿಯವರೆಗೆ ನಮ್ಮೂರ ಗ್ರಾಮ ಪಂಚಾಯಿತಿ ಕಚೇರಿಗೆ ಹನ್ನೊಂದು ಬಾರಿ ಹೋಗಿಬಂದೆ. ಆ ಕಚೇರಿಯ ಸೇವೆ ಹೇಗಿದೆ ಎಂದು ಇಲ್ಲಿ ದಾಖಲಿಸುತ್ತಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ತಕರಾರು ಅಲ್ಲಿ ಕುಳಿತವರ ಮೇಲಲ್ಲ.

ಮೊದಲು ಒಳ್ಳೆಯ ಮಾತು. ಬಾಪೂಜಿ ಸೇವಾ ಕೇಂದ್ರವೆಂಬ ಫಲಕವಿರುವ ಕೌಂಟರಿನಲ್ಲಿ ಅರ್ಜಿ ತೆಗೆದುಕೊಳ್ಳುವ ಹುಡುಗಿ ಕೂರಿಸಿ ಮಾತನಾಡಿಸುತ್ತಾಳೆ, ಸ್ವೀಕೃತಿ ಕೊಡದೆ ಕಳುಹಿಸುವುದಿಲ್ಲ. 2016ರಲ್ಲಿ ಈ ಕೇಂದ್ರಗಳನ್ನು ತೆರೆದಾಗ ಸುಮಾರು ನೂರು ಸೇವೆಗಳು ಹಳ್ಳಿಯಲ್ಲೇ ಸಿಗುತ್ತವೆ ಎಂದು ಸರ್ಕಾರ ಹೇಳಿತ್ತು. ಪಹಣಿಯಂತಹ ಕಂದಾಯ ಇಲಾಖೆಯ ಸೇವೆಗಳನ್ನೂ ಅದರಲ್ಲಿ ಸೇರಿಸಲಾಗಿತ್ತು. ನಮ್ಮ ಬೀದಿಯ ನಲ್ಲಿಯ ಪೈಪು ಒಡೆದಿದೆ ಎಂದು ಬೆಳಿಗ್ಗೆ ಬರೆಸಿದೆ, ಸಂಜೆಗೆ ನೀರುಗಂಟಿ ಬಂದು ಸರಿಮಾಡಿದ. ಬೀದಿ ದೀಪಕ್ಕೆ ಎರಡು ದಿನ ಹಿಡಿಯಿತು. ಈ ಎರಡಕ್ಕೂ ಬೇಕಾದ ನಿರ್ಧಾರ ಮತ್ತು ಅದಕ್ಕೆ ತಗಲುವ ಅಲ್ಪಸ್ವಲ್ಪ ಹಣ ಅದೇ ಕಟ್ಟಡದೊಳಗಿದ್ದವು.

ಖಾತೆಯ ವಿಷಯ ಹಾಗಲ್ಲ. ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷ ಬೇಕು, ಅದು ಕಂದಾಯ ಇಲಾಖೆಯದು, ಆದ್ದರಿಂದ ಹೋಬಳಿಯ ನಾಡಕಚೇರಿಗೆ ಹೋಗಬೇಕು. ಗ್ರಾಮಠಾಣಾದೊಳಗಿನ ಮನೆಗೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಬೇಕೆಂದರೆ ನಕ್ಷೆ ಬೇಕು, ಅದು ಭೂಮಾಪನ ಇಲಾಖೆಯಿಂದ ಬರಬೇಕು. ಇದರ ನಡುವೆ ಕೇಂದ್ರದ ಸ್ವಾಮಿತ್ವ ಯೋಜನೆಯಡಿ ಬೀದಿಯಲ್ಲಿ ಸುಣ್ಣದ ಗೆರೆ ಎಳೆದು ಡ್ರೋನ್ ಹಾರಿಸಿ ಹೋಗಿದ್ದರು. ಹೀಗೆ ನಮ್ಮ ಒಂದೇ ಮನೆಯನ್ನು ಕಂದಾಯ ವಸೂಲಿಗೆಂದು ಪಂಚಾಯಿತಿ, ನಕ್ಷೆಗೆಂದು ರಾಜ್ಯ, ಆಸ್ತಿ ಕಾರ್ಡಿಗೆಂದು ಕೇಂದ್ರ ಅಳೆದಂತಾಗಿತ್ತು. ಮೂರೂ ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಮೂವತ್ತು ವರ್ಷ ನಾವು ಕಂದಾಯ ಕಟ್ಟಿದ್ದು ಪಂಚಾಯಿತಿಯ ಅಳತೆಗೆ. ತಾಳೆಯಾಗದಿದ್ದಾಗ ಮೊದಲು ಬಿದ್ದುಹೋದದ್ದೂ ಅದೇ.

ಕಡತ ಎಲ್ಲಿದೆ ಎಂದು ಕೇಳಿದಾಗಲೆಲ್ಲ ಸಿಕ್ಕ ಉತ್ತರ, "ಸಾರ್, ಅದು ಸರ್ವೆಯವರ ಲಾಗಿನ್‌ನಲ್ಲಿದೆ." ಮುಂದಿನ ತಿಂಗಳು ಅದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಲಾಗಿನ್‌ಗೆ ಬಂದಿತ್ತು, ಆದರೆ ತಂತ್ರಾಂಶ ತೆರೆಯುತ್ತಿರಲಿಲ್ಲ. ಅಧ್ಯಕ್ಷರನ್ನು ಕಂಡೆ. ಊರಿನ ಮತ ಪಡೆದು ಆ ಕುರ್ಚಿಯಲ್ಲಿ ಕುಳಿತ ಅವರು, ಖಾತೆಗೆ ತಮ್ಮಲ್ಲಿ ಯಾವ ಲಾಗಿನ್ನೂ ಇಲ್ಲವೆಂದು ನಕ್ಕು ಹೇಳಿದರು. ಅಧಿಕಾರ ವಿಕೇಂದ್ರೀಕರಣ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಇಷ್ಟು ದಿನ ನಾನು ವರದಿಗಳನ್ನು ಓದುತ್ತಿದ್ದೆ. ಯಾರ ಬಳಿ ಯಾವ ಲಾಗಿನ್ ಇದೆ ಎಂದು ಕೇಳಿದ್ದರೆ ಸಾಕಿತ್ತು.

ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, ಅವುಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯೂ ಹನ್ನೊಂದನೇ ಅನುಸೂಚಿಯಲ್ಲಿ ಬಂತು. ಆದರೆ ಪಂಚಾಯಿತಿಗಳಿಗೆ ಅಧಿಕಾರ ಕೊಡುವ 243ಜಿ ವಿಧಿಯು, ರಾಜ್ಯದ ಶಾಸಕಾಂಗವು ಕಾನೂನಿನ ಮೂಲಕ ಅದನ್ನು ಕೊಡಬಹುದು ಎನ್ನುತ್ತದೆಯೇ ಹೊರತು ಕೊಡಲೇಬೇಕು ಎನ್ನುವುದಿಲ್ಲ. ಆ 'ಬಹುದು' ಎಂಬ ಮಾತಿನ ಫಲವನ್ನು ಕೌಂಟರಿನ ಈಚೆ ನಿಂತವರು ಉಣ್ಣುತ್ತಿದ್ದಾರೆ. ಪಿಡಿಒ ಅವರನ್ನು ನೇಮಿಸುವುದು ಮತ್ತು ವರ್ಗಾಯಿಸುವುದು ರಾಜ್ಯ ಸರ್ಕಾರ. ಅವರು ಊರಿಗೆ ಉತ್ತರಿಸುವುದಕ್ಕಿಂತ ಮೊದಲು ಮೇಲಿನ ಸುತ್ತೋಲೆಗೆ ಉತ್ತರಿಸಬೇಕು.

ಹಣದ ಕಥೆ ಇನ್ನೂ ವಿಚಿತ್ರ. ಕೇಂದ್ರದ ತೆರಿಗೆ ಹಣವನ್ನು ಹಂಚುವ ಬಗೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದು 2021ರಿಂದ 2026ರ ಅವಧಿಗೆ ಶಿಫಾರಸು ಮಾಡಿದ ಗ್ರಾಮೀಣ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಕಟ್ಟು ಇತ್ತು. ನೀರು ಬೇಡವೆನ್ನುವವರು ಯಾರೂ ಇಲ್ಲ. ಆದರೆ ನೀರಿಗೆ ಕೊರತೆಯಿಲ್ಲದೆ ಚರಂಡಿಗಿಂತ ಕಾಲುಸಂಕವೇ ತುರ್ತಾಗಿರುವ ಮಲೆನಾಡಿನ ಊರಿಗೂ ಅದೇ ಅಳತೆ, ಬಯಲುಸೀಮೆಗೂ ಅದೇ ಅಳತೆ. ಇತ್ತ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಾಗ ಬೆಂಗಳೂರಿನಲ್ಲಿ ಎದ್ದ ಕೂಗು ನ್ಯಾಯವಾದದ್ದೇ. ಆದರೆ ದೆಹಲಿಯಿಂದ ನಾವು ಕೇಳುವ ಮರ್ಯಾದೆಯನ್ನು ಬೆಂಗಳೂರು ನಮ್ಮ ಪಂಚಾಯಿತಿಗೆ ಕೊಡುತ್ತಿದೆಯೇ ಎಂಬುದನ್ನು ಆ ಕೌಂಟರಿನ ಮುಂದೆ ಒಂದು ದಿನ ನಿಂತು ನೋಡಬೇಕು.

ಎಂಟನೆಯ ಭೇಟಿಯಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಹಿಂದೆ ಮಂಡಲ ಪಂಚಾಯಿತಿ ಸದಸ್ಯರಾಗಿದ್ದ ಹಿರಿಯರೊಬ್ಬರು ಕುಳಿತಿದ್ದರು. ರಾಜ್ಯದ 1983ರ ಪಂಚಾಯಿತಿ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯಿತಿಗಳೂ ಅವುಗಳ ಮೇಲೆ ಜಿಲ್ಲಾ ಪರಿಷತ್ತುಗಳೂ ಬಂದಾಗ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು, ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾಗಿರುತ್ತಿದ್ದರು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದು ಕೊಳವೆ ಬಾವಿಗಳಿಂದಾಗಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಆ ವ್ಯವಸ್ಥೆಯನ್ನು ಹಟ ಹಿಡಿದು ಕಟ್ಟಿದರು. ಆಗ ಜಗಳಗಳಿರಲಿಲ್ಲವೇ ಎಂದು ಕೇಳಿದೆ. "ದಂಡಿಯಾಗಿ ಇದ್ದವಪ್ಪ, ಆದರೆ ಜಗಳ ಇಲ್ಲೇ ತೀರುತ್ತಿತ್ತು" ಎಂದರು ಅವರು.

ಈಗ ಮೇಲ್ಮನವಿ ಸಲ್ಲಿಸಬೇಕೆಂದರೂ ಮೇಲೆ ಜನಪ್ರತಿನಿಧಿಗಳಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿಯ ಹೆಸರಿನಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗಿ, ಆಡಳಿತಾಧಿಕಾರಿಗಳೇ ಆಳಿದರು. ಬೆಂಗಳೂರಿನವರು ಬೀಗುವಂತಿಲ್ಲ, ಅವರ ಪಾಲಿಕೆಯ ಚುನಾಯಿತ ಸಭೆಯ ಅವಧಿಯೂ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು, ಆಮೇಲೆ ಬಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು.

ಸಂಕ್ರಾಂತಿಯ ಹಿಂದಿನ ವಾರ ಖಾತೆ ಕೈಗೆ ಬಂತು. ತಾಯಿಯವರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ. ಕೌಂಟರಿನ ಸಿಬ್ಬಂದಿಗೆ ಐದಕ್ಕೆ ನಾಲ್ಕು ಅಂಕ, ಅವರ ಕೈಗೆ ಬೇರೆಯವರು ಕೊಟ್ಟಿರುವ ಅಧಿಕಾರಕ್ಕೆ ಒಂದೂವರೆ. ಹೋಗುವವರು ವಂಶವೃಕ್ಷವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಸ್ವೀಕೃತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಹೋದಾಗಲೆಲ್ಲ ಕಡತ ಯಾರ ಲಾಗಿನ್‌ನಲ್ಲಿದೆ ಎಂದು ಕೇಳಿ ಅವರ ಕಚೇರಿಗೇ ನೇರವಾಗಿ ಹೋಗಿ. ಪಿಡಿಒ ತಾಲ್ಲೂಕು ಸಭೆಗೆ ಹೋಗದ ದಿನ ನೋಡಿಕೊಂಡು ಹನ್ನೊಂದು ಗಂಟೆಯೊಳಗೆ ತಲುಪಿದರೆ ಒಳ್ಳೆಯದು, ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲಿ ಕರೆಂಟು ಹೋಗುತ್ತದೆ.